ಆಷಾಢಕ್ಕೆ ಮುಂಚೆ ಒಂದು ಹೊತ್ತಿನ ಅಡುಗೆ

ಕೆಲಸಕ್ಕೆ ಜನ ಬೇಕು ಎಂದು ಫೋನು ಮಾಡುವವರೆಲ್ಲ ಮೊದಲು ಹೇಳುವುದು ಒಂದೇ ಮಾತು: "ಒಳ್ಳೆಯವರು ಬೇಕು." ಕೆಟ್ಟವರು ಬೇಕು ಎಂದು ಇದುವರೆಗೆ ಯಾರೂ ಕೇಳಿಲ್ಲ. ಮೇಟಗಳ್ಳಿಯ ಕಾರ್ಖಾನೆಯಿಂದ ಮಾತಾಡಿದ ಮೇಡಂ ಮಾತ್ರ ಹಾಗೆನ್ನಲಿಲ್ಲ. "ಅಮ್ಮಾ, ನಮ್ಮ ಹೊಸ ಕ್ಯಾಂಟೀನಿಗೆ ಹತ್ತು ಜನ ಹೆಂಗಸರು ಬೇಕು. ಹೇಳಿದ ದಿನ ಹತ್ತೂ ಜನ ಬರಬೇಕು, ಅಷ್ಟೇ" ಎಂದರು. ಆ 'ಅಷ್ಟೇ' ನನಗೆ ಹಿಡಿಸಿತು. ಆಮೇಲೆ ನನ್ನನ್ನು ಕುಣಿಸಿದ್ದೂ ಅದೇ.

ಹೋಗಿ ನೋಡಿದೆ. ಕಾಂಪೌಂಡಿನ ಒಳಗೆ ಕ್ಯಾಂಟೀನು ಇನ್ನೂ ಗಾರೆಯಲ್ಲಿತ್ತು. ಮೇಡಂ ಚಿಕ್ಕ ವಯಸ್ಸಿನವರು, ಬೆಂಗಳೂರಿನಲ್ಲಿ ಬೆಳೆದವರು, ಕೆಲಸಕ್ಕೆ ಜನ ತೆಗೆದುಕೊಳ್ಳುವುದೇ ಅವರ ಕೆಲಸ. ಒಬ್ಬ ಕಂಟ್ರಾಕ್ಟರ್ ಆಗಲೇ ಕ್ಯಾಂಟೀನನ್ನು ಪೂರ್ತಿ ತನಗೆ ಕೊಡಿ ಎಂದು ಮೇಲಿನವರ ಹಿಂದೆ ಬಿದ್ದಿದ್ದನಂತೆ. ಇವರು ಹಟ ಹಿಡಿದು, ಊರಿನ ಹೆಂಗಸರನ್ನೇ ಕಂಪನಿಯ ಲೆಕ್ಕಕ್ಕೆ ತೆಗೆದುಕೊಳ್ಳೋಣ ಎಂದು ಒಪ್ಪಿಸಿದ್ದರು. "ಓಪನಿಂಗ್ ದಿನ ಒಬ್ಬರು ಕಮ್ಮಿ ಬಂದರೂ ಅವನು ತನ್ನ ಜನರನ್ನ ವ್ಯಾನಲ್ಲಿ ತಂದು ಇಳಿಸ್ತಾನೆ. ಆಮೇಲೆ ನನ್ನ ಮಾತು ನಡೆಯಲ್ಲ" ಎಂದರು. ಪಿ.ಎಫ್., ಇ.ಎಸ್.ಐ. ಎರಡೂ ಉಂಟು ಎಂದೂ ಹೇಳಿದರು. ಮನೆಗೆಲಸದ ಹೆಂಗಸರಿಗೆ ಈ ಎರಡು ಮಾತು ಬೇರೆಯವರ ಬಾಯಲ್ಲಿ ಕೇಳಿ ಮಾತ್ರ ಗೊತ್ತು. ನಾನು ಆಗಲಿ ಎಂದೆ. ನನಗೂ ಇದರಲ್ಲಿ ಒಂದಿಷ್ಟು ಬರುತ್ತದೆ, ಧರ್ಮಕ್ಕೆ ಮಾಡುವವಳಲ್ಲ.

ನನಗೆ ಬರುವ ಅಕ್ಷರ ಬಸ್ಸಿನ ಬೋರ್ಡು ಓದುವುದಕ್ಕೆ ಸಾಕು. ಅದಕ್ಕೇ ಕಾಗದ ನೋಡಿ ಯಾರನ್ನೂ ಆರಿಸುವುದಿಲ್ಲ. ಮಧ್ಯಾಹ್ನದ ಹೊತ್ತು ಹೇಳದೆ ಅವಳ ಮನೆಗೇ ಹೋಗುತ್ತೇನೆ. ಕುಡಿಯಲು ನೀರು ಕೇಳುತ್ತೇನೆ. ಲೋಟ ತೊಳೆದು ಕೊಡುವವಳು ಬೇರೆ, ಸೆರಗಿನಲ್ಲಿ ಒರೆಸಿ ಕೊಡುವವಳು ಬೇರೆ, ಲೋಟದೊಳಗೆ ಹೆಬ್ಬೆರಳು ಅದ್ದಿಕೊಂಡು ತರುವವಳು ಬೇರೆ. ನೀರು ಕುಡಿಯುತ್ತಾ ಮಸಿಬಟ್ಟೆ ಎಲ್ಲಿ ನೇತುಹಾಕಿದ್ದಾಳೆ ನೋಡುತ್ತೇನೆ. ಹಿಂದಿನ ಮನೆ ಯಾಕೆ ಬಿಟ್ಟೆ ಎಂದು ಕೇಳುತ್ತೇನೆ. "ಸಂಬಳ ಸಾಲಲಿಲ್ಲ" ಎಂದರೆ ಸರಿ. ಆ ಮನೆಯವರ ಮೂರು ತಲೆಮಾರು ಜಾಲಾಡಿದರೆ ನೀರಿನ ಲೋಟ ಕೆಳಗಿಟ್ಟು ಎದ್ದುಬಿಡುತ್ತೇನೆ, ನಾಳೆ ಇವಳು ನನ್ನದನ್ನೂ ಜಾಲಾಡುತ್ತಾಳೆ. ಕೊನೆಯ ಪ್ರಶ್ನೆ, ಮಗು ಕಾಯಿಲೆ ಬಿದ್ದ ದಿನ ಯಾರು ನೋಡಿಕೊಳ್ಳುತ್ತಾರೆ? "ದೇವ್ರವ್ನೆ" ಎಂದವಳನ್ನು ತೆಗೆದುಕೊಳ್ಳುವುದಿಲ್ಲ. ಪಕ್ಕದ ಮನೆಯವಳ ಹೆಸರು ಹೇಳಿದವಳನ್ನು ತೆಗೆದುಕೊಳ್ಳುತ್ತೇನೆ.

ಕೆಸರೆಯಲ್ಲಿ ನಮ್ಮ ಬೀದಿಯ ಆಚೆಗೇ ಒಬ್ಬಳು ದೊಡ್ಡ ಅಡುಗೆಯವಳಿದ್ದಳು. ಐದು ಮನೆಯ ಅಡುಗೆ, ಮದುವೆ ಸೀಸನ್ನಿನಲ್ಲಿ ಛತ್ರದ ಕೆಲಸ. ಒಳ್ಳೆಯ ಕೈ. ಮಂಡಿ ಎರಡೂ ಹೋಗಿದ್ದವು. ಮಹಡಿ ಮನೆಗಳ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡು, ದೇವರನ್ನೂ ಗಂಡನನ್ನೂ ಒಟ್ಟಿಗೆ ಬಯ್ಯುತ್ತಾ ಹತ್ತುತ್ತಿದ್ದಳು. ಮಂಡಿ ತೋರಿಸಿದರೆ ಡಾಕ್ಟರು ಎಕ್ಸ್‌ರೇ ಎನ್ನುತ್ತಾರೆ, ಆಪರೇಷನ್ ಎನ್ನುತ್ತಾರೆ ಎಂದು ಹೆದರಿ ಬರೀ ಎಣ್ಣೆ ತಿಕ್ಕಿಕೊಂಡಿದ್ದಳು. ಇ.ಎಸ್.ಐ. ಕಾರ್ಡಿದ್ದರೆ ಆಸ್ಪತ್ರೆ ನೋಡಿಕೊಳ್ಳುತ್ತದೆ, ಕ್ಯಾಂಟೀನಿನಲ್ಲಿ ಮೆಟ್ಟಿಲೂ ಇಲ್ಲ. ಹೇಳಿದ ತಕ್ಷಣ ಒಪ್ಪಿದಳು. "ನನ್ನ ಸೊಸೇನೂ ಸೇರಿಸ್ಕೊ ಅಕ್ಕ. ಹುಡುಗಿಗೆ ಚಪಾತಿ ಲಟ್ಟಿಸೋದು ಚೆನ್ನಾಗಿ ಬತ್ತದೆ" ಎಂದಳು. ಮಗನ ಮದುವೆ ಆಗತಾನೇ ವೈಶಾಖದಲ್ಲಿ ಆಗಿತ್ತು. ಸೊಸೆಯ ಲೋಟವನ್ನೂ ನೋಡಿದೆ. ತೊಳೆದೇ ಕೊಟ್ಟಳು. ಮಿಕ್ಕ ಎಂಟು ಜನ, ದೊಡ್ಡ ಅಡುಗೆಯವಳು ಹೋಗುತ್ತಾಳೆ ಎಂದರೆ ನಾವೂ ಹೋಗುತ್ತೇವೆ ಎಂದು ಬಂದವರು.

ಆಮೇಲೆ ಕಾಗದದ ಗೋಳು. ಅಡುಗೆ ಮುಟ್ಟುವವರಿಗೆಲ್ಲ ಡಾಕ್ಟರ ಸರ್ಟಿಫಿಕೇಟು ಬೇಕು. ರಕ್ತ ಪರೀಕ್ಷೆ, ಟೈಫಾಯ್ಡ್ ಇಂಜೆಕ್ಷನ್ನು, ಉಗುರು ತೋರಿಸು, ನಾಲಗೆ ತೋರಿಸು. ಬ್ಯಾಂಕಿನಲ್ಲಿ ಆಧಾರ್‌ಗೆ ಹೆಬ್ಬೆರಳು ಒತ್ತಿದರೆ ನಾಲ್ಕು ಜನರದ್ದು ಯಂತ್ರಕ್ಕೆ ಕಾಣಲೇ ಇಲ್ಲ. ಪಾತ್ರೆ ಉಜ್ಜಿ ಉಜ್ಜಿ ಬೆರಳ ಗೆರೆ ಸವೆದುಹೋಗಿತ್ತು. ಬ್ಯಾಂಕಿನವನು "ಒಂದು ವಾರ ಪಾತ್ರೆ ತೊಳೀಬೇಡಿ, ಎಣ್ಣೆ ಹಚ್ಚಿ ಬನ್ನಿ" ಎಂದ. "ಹಂಗಾರೆ ನಮ್ಮನೆ ಪಾತ್ರೆ ನೀನೇ ಬಂದು ತೊಳ್ಕೊಡಪ್ಪ" ಎಂದಳು ಒಬ್ಬಳು. ಕೊನೆಗೆ ಕಣ್ಣು ತೋರಿಸಿದರೂ ಆಗುತ್ತದೆ ಎಂದು ಗೊತ್ತಾಗಿ, ನಾಲ್ವರೂ ಯಂತ್ರದ ಮುಂದೆ ಕಣ್ಣರಳಿಸಿ ನಿಂತು ಆ ಕೆಲಸವೂ ಮುಗಿಯಿತು.

ಎಲ್ಲ ಮುಗಿದ ಮೇಲೆ ಮೇಡಂ ಓಪನಿಂಗ್ ತಾರೀಕು ಹೇಳಿದರು. ಜುಲೈ ತಿಂಗಳ ಒಂದು ಸೋಮವಾರ. ನಾನು ಹೂಂ ಎಂದು ಬಂದುಬಿಟ್ಟೆ. ಇಂಗ್ಲಿಷ್ ತಿಂಗಳು ಹೇಳಿದರೆ ನನ್ನ ತಲೆಗೆ ಬಿಸಿಲು ಮಳೆ ಹೊಳೆಯುತ್ತದೆ, ಪಂಚಾಂಗ ಹೊಳೆಯುವುದಿಲ್ಲ. ಸಂಜೆ ದೊಡ್ಡ ಅಡುಗೆಯವಳಿಗೆ ಹೇಳಿದರೆ ಅವಳು ಗೋಡೆಯ ಕ್ಯಾಲೆಂಡರ್ ನೋಡಿ ಹಾಗೇ ಕೂತಳು.

"ಆಷಾಢ ಕಣಕ್ಕ."

"ಆದ್ರೇನೀಗ?"

"ಆಷಾಢದಲ್ಲಿ ಹೊಸ ಕೆಲಸಕ್ಕೆ ಕಾಲಿಡ್ತಾರಾ? ನಮ್ಮ ತಮ್ಮ ಆಷಾಢದಲ್ಲೇ ಟೀ ಅಂಗಡಿ ಇಟ್ಟಿದ್ದು. ಶ್ರಾವಣಕ್ಕೆ ಬಾಗಲು ಹಾಕ್ದ. ನಾ ಬರಲ್ಲ ಬುಡು."

"ನಿನ್ನ ತಮ್ಮನ ಟೀ ಕುಡ್ದಿದೀನಿ. ಅವನು ಯಾವ ಮಾಸದಲ್ಲಿ ಇಟ್ಟಿದ್ರೂ ಬಾಗಲು ಹಾಕ್ತಿದ್ದ."

ನಗಲಿಲ್ಲ. ಅವಳು ಬರುವುದಿಲ್ಲ ಎಂದಮೇಲೆ ಮಾರನೆಯ ಬೆಳಿಗ್ಗೆ ಹೊತ್ತಿಗೆ ಮಿಕ್ಕವರೂ ಒಬ್ಬೊಬ್ಬರಾಗಿ ನನ್ನ ಜಗಲಿಗೆ ಬಂದು "ಶ್ರಾವಣದಲ್ಲಿ ಸೇರ್ತೀವಿ ಅಜ್ಜಿ" ಎಂದು ಹೇಳಿ ಹೋದರು. ಬೈದು ಪ್ರಯೋಜನವಿಲ್ಲ. ನಾನು ಬೈದರೆ ಇವತ್ತು ಬರುತ್ತಾರೆ, ಒಳಗೆ ಯಾರ ಕೈಗಾದರೂ ಕುಕ್ಕರಿನ ಹಬೆ ತಾಗಿದರೆ ಆಷಾಢ ಎಂದು ಹತ್ತೂ ಜನ ಓಡುತ್ತಾರೆ. ಹೆದರಿದವರ ಕೈಯಲ್ಲಿ ಅಡುಗೆ ಮಾಡಿಸಬಾರದು.

ಮೇಡಂ ಹತ್ತಿರ ಹೋಗಿ ಶ್ರಾವಣಕ್ಕೆ ಇಟ್ಟುಕೊಳ್ಳಿ ಎಂದೆ.

"ಯಾಕಮ್ಮಾ?"

"ಆಷಾಢ ಕಣಮ್ಮ."

"ಆಷಾಢ ಅಂದ್ರೆ ಸೀರೆ ಅಂಗಡಿಯವರು ಡಿಸ್ಕೌಂಟ್ ಕೊಡೋದಲ್ವಾ?"

ಯಾರೂ ಮದುವೆ ಮುಂಜಿ ಮಾಡುವುದಿಲ್ಲ, ಸೀರೆ ಯಾರಿಗೂ ಬೇಡ, ಅದಕ್ಕೇ ಡಿಸ್ಕೌಂಟು ಎಂದು ಬಿಡಿಸಿ ಹೇಳಿದೆ. ಅವರು ಪೆಚ್ಚಾದರು. ಮೇಲಿನವರು ಆ ಸೋಮವಾರವನ್ನೇ ಹಿಡಿದು ಕೂತಿದ್ದರು. ತಾರೀಕು ತಪ್ಪಿದರೆ ಕಂಟ್ರಾಕ್ಟರಿಗೆ ಸಹಿ.

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಆಷಾಢದಲ್ಲಿ ಹೊಸದು ಶುರು ಮಾಡಬಾರದು, ಸರಿ. ಹಳೆಯ ಕೆಲಸ ಮಾಡಬಾರದು ಎಂದು ಯಾರೂ ಹೇಳಿಲ್ಲ. ಆಷಾಢದಲ್ಲಿ ಬಸ್ಸು ಓಡುತ್ತದೆ, ಆಸ್ಪತ್ರೆ ನಡೆಯುತ್ತದೆ, ಇವಳು ಐದು ಮನೆಯಲ್ಲಿ ಬೇಯಿಸಿಯೇ ಬೇಯಿಸುತ್ತಾಳೆ. ಹಾಗಾದರೆ ಅಮಾವಾಸ್ಯೆಗೆ ಮುಂಚೆ ಒಂದು ಹೊತ್ತು ಕೆಲಸ ಮಾಡಿಬಿಟ್ಟರೆ? ಗುಡಿಯ ಅಯ್ಯನವರನ್ನು ಕೇಳಿ ನೋಡಿದಾಗ ಗುರುವಾರ ದಿನ ಚೆನ್ನಾಗಿದೆ ಎಂದರು. ನಡುವೆ ಉಳಿದದ್ದು ಎರಡೇ ದಿನ.

ಮೇಡಂಗೆ ಫೋನು ಮಾಡಿದೆ. ಆ ಗುರುವಾರ ಹತ್ತೂ ಜನರನ್ನು ಕರೆತರುತ್ತೇನೆ, ಅಡುಗೆ ಮಾಡುತ್ತಾರೆ, ಅವತ್ತಿನ ಹಾಜರಿ ಹಾಕಿ, ಕೂಲಿಯನ್ನೂ ಕೊಡಿ ಎಂದೆ. "ಒಂದು ದಿನ ಸುಮ್ಮನೆ ಬಂದು ಪೂಜೆ ಮಾಡ್ಕೊಂಡು ಹೋದ್ರೆ ಸಾಲಲ್ವಾ?" ಎಂದರು. ಸಾಲದು ಎಂದೆ. ಕೂಲಿ ಇಲ್ಲದ ಕೆಲಸ ಕೆಲಸವಲ್ಲ, ಅದು ಸೇವೆ. ಅದನ್ನು ನಾವು ದೇವಸ್ಥಾನದಲ್ಲಿ ಮಾಡುತ್ತೇವೆ, ಕಾರ್ಖಾನೆಯಲ್ಲಿ ಮಾಡುವುದಿಲ್ಲ. ಅವರು ಗುರುವಾರದ ತಾರೀಕಿಗೇ ಎಲ್ಲರನ್ನೂ ಸೇರಿಸಿಕೊಳ್ಳುತ್ತೇನೆ ಎಂದರು. ಹುಡುಗಿಗೆ ಧೈರ್ಯವಿದೆ.

ಇವತ್ತು ಕೈ ಹಾಕಿದರೆ ಆಷಾಢದ ಹೊತ್ತಿಗೆ ಅದು ಹಳೆಯ ಕೆಲಸ ಎಂದು ಒಪ್ಪಿಸಿ, ಗುರುವಾರ ಬೆಳಿಗ್ಗೆ ದೊಡ್ಡ ಅಡುಗೆಯವಳನ್ನು ಹೊರಡಿಸಿದೆ, ಮಿಕ್ಕವರು ಅವಳ ಹಿಂದೆ ಬಂದರು. ದಾರಿಯುದ್ದಕ್ಕೂ ಅನುಮಾನ. ಗೇಟಿನಲ್ಲಿ ಸೇಫ್ಟಿ ಆಫೀಸರ್ ಅಡ್ಡ ನಿಂತ. ಬೆಂಕಿ, ಅಪಘಾತ ಆಗದ ಹಾಗೆ ನೋಡಿಕೊಳ್ಳುವವನು, ತಲೆಗೆ ಹಳದಿ ಟೋಪಿ. ಕ್ಯಾಂಟೀನಿಗೆ ಇನ್ನೂ ಗ್ಯಾಸ್ ಬಂದಿರಲಿಲ್ಲ. ನಾವು ತಂದ ಸೌದೆ ನೋಡಿ ಅವನ ಕಣ್ಣು ಮೇಲಕ್ಕೆ ಹೋಯಿತು.

"ಅಜ್ಜಿ, ಇಲ್ಲಿ ಬೀಡಿ ಹಚ್ಚೋಕೂ ಬಿಡಲ್ಲ ನಾನು. ನೀವು ಒಲೆ ಹಚ್ತೀನಿ ಅಂತೀರಲ್ಲ!"

"ಬೀಡಿಯಿಂದ ಹೊಟ್ಟೆ ತುಂಬಲ್ಲ ಕಣಪ್ಪ. ಇದ್ರಿಂದ ತುಂಬ್ತದೆ."

"ಕಾಂಪೌಂಡ್ ಒಳಗೆ ಆಗಲ್ಲ. ಏನಾದ್ರೂ ಮಾಡ್ಕೊಳ್ಳಿ, ಹೊರಗೆ."

ಹೊರಗೆ ಎಂದನಲ್ಲ, ಸಾಕು. ಗೇಟಿನ ಆಚೆ ಹೊಂಗೆ ಮರದ ಕೆಳಗೆ ಕಲ್ಲು ಹೂಡಿದೆವು. ದೊಡ್ಡ ಅಡುಗೆಯವಳು ಬೆಂಕಿಪೊಟ್ಟಣ ಹಿಡಿದುಕೊಂಡು ಹಚ್ಚದೆ ನಿಂತಳು. "ಅಕ್ಕ, ಕೆಲಸ ಮಾಡೋದು ಒಳಗೆ. ಇಲ್ಲಿ ಬೀದೀಲಿ ಒಲೆ ಹಚ್ಚಿದ್ರೆ ಅಲ್ಲಿ ಶುರುವಾದಂಗಾಯ್ತದಾ?"

"ನಿನ್ನ ಮದುವೆ ಎಲ್ಲಾಯ್ತು?"

"ಚಪ್ಪರದಲ್ಲಿ."

"ಸಂಸಾರ ಎಲ್ಲಿ ಮಾಡ್ದೆ?"

ಎಲ್ಲರೂ ನಕ್ಕರು. ಅವಳೂ ನಕ್ಕು ಕಡ್ಡಿ ಗೀರಿದಳು. ಹಾಲು ಉಕ್ಕಿಸಿದರು, ಪೂರ್ವದ ಕಡೆಗೇ ಉಕ್ಕಿತು. ಅದಾದ ಮೇಲೆ ಅವಳ ಗಂಟಲು ಮೊದಲಿನ ಹಾಗೆ ಬಂತು. "ಈರುಳ್ಳಿ ಯಾರೇ ಹಿಂಗೆ ಹೆಚ್ಚಿದ್ದು, ಎಮ್ಮೆಗಾ?" ಎಂದು ಶುರು ಮಾಡಿದಳು. ತುಂತುರು ಹಿಡಿಯಿತು. ಕ್ಯಾಂಟೀನಿಗೆ ಬಣ್ಣ ಬಳಿಯುತ್ತಿದ್ದವರು ತಮ್ಮ ಟಾರ್ಪಾಲು ತಂದು ಮರಕ್ಕೆ ಕಟ್ಟಿಕೊಟ್ಟರು, ಊಟ ತಮಗೇ ಎಂದು ಗೊತ್ತಾಗಿತ್ತು. ಮುದ್ದೆ, ಬಸ್ಸಾರು, ಅನ್ನ, ಹೆಸರುಬೇಳೆ ಪಾಯಸ. ಗಾರೆಯವರು, ಬಣ್ಣದವರು, ವೈರಿಂಗ್ ಮಾಡುವವರು ಎಲ್ಲ ಇಟ್ಟಿಗೆ ಮೇಲೆ ಕೂತು ಉಂಡರು. ಮೇಡಂ ಮುದ್ದೆಯನ್ನು ಅಗಿಯಲು ಹೋಗಿ ಬೈಸಿಕೊಂಡು, ನುಂಗಲು ಕಲಿತರು. ಹಾಜರಿ ಹಾಕಿದರು. ಅಮಾವಾಸ್ಯೆ ಬಂತು, ಹೋಯಿತು. ನಾನು ಗೆದ್ದೆ ಎಂದುಕೊಂಡು ಕಾಲು ಚಾಚಿದೆ.

ಓಪನಿಂಗ್‌ಗೆ ಹಿಂದಿನ ದಿನ, ಭಾನುವಾರ, ದೊಡ್ಡ ಅಡುಗೆಯವಳು ಕುಂಟುತ್ತಾ ಬಂದಳು. "ಅಕ್ಕ, ಸೊಸೆ ಬರಲ್ವಂತೆ."

ಹೊಸ ಸೊಸೆ ಆಷಾಢಕ್ಕೆ ಬನ್ನಿಮಂಟಪದ ತವರಿಗೆ ಹೋಗಿದ್ದಳು. ಅತ್ತೆ ಹೊಸ ಸೊಸೆ ಇಬ್ಬರೂ ಆಷಾಢದಲ್ಲಿ ಒಂದೇ ಹೊಸಿಲು ದಾಟಬಾರದು, ಅದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಮನೆ ಹೊಸಿಲಿನ ಲೆಕ್ಕ ಎಂದು ನಾವು ಅದನ್ನು ಮನೆಯಲ್ಲೇ ಬಿಟ್ಟಿದ್ದೆವು. ಹುಡುಗಿಯ ತಾಯಿ ಬಿಟ್ಟಿರಲಿಲ್ಲ. ಕ್ಯಾಂಟೀನಿನದ್ದೂ ಹೊಸಿಲೇ, ಅತ್ತೆ ದಾಟಿದ ಬಾಗಿಲನ್ನು ನನ್ನ ಮಗಳು ದಾಟುವುದಿಲ್ಲ ಎಂದು ಫೋನಿನಲ್ಲಿ ಹೇಳಿದಳಂತೆ.

"ಒಬ್ರು ಬರದಿದ್ರೆ ಆಗಲ್ವಾ ಅಕ್ಕ?"

"ಆಗಲ್ಲ. ಒಬ್ಬಳು ಕಮ್ಮಿ ಆದ್ರೆ ಹತ್ತೂ ಜನ ಮನೆಗೆ. ನಿನ್ನ ಮಂಡಿಗೆ ಮತ್ತೆ ಎಣ್ಣೆ."

ನಾನು ಯಾವಾಗಲೂ ಒಬ್ಬಳನ್ನು ಹೆಚ್ಚಿಗೆ ಇಟ್ಟುಕೊಂಡಿರುತ್ತೇನೆ. ಈ ಸಲವೂ ಇದ್ದಳು, ಅವಳ ಮಗುವಿಗೆ ಮೈಯೆಲ್ಲ ಗುಳ್ಳೆ ಎದ್ದು ಅಮ್ಮ ಆಗಿತ್ತು. ಬೇರೆ ಯಾರನ್ನಾದರೂ ತರೋಣವೆಂದರೆ ಡಾಕ್ಟರ ಸರ್ಟಿಫಿಕೇಟು ಒಂದೇ ದಿನದಲ್ಲಿ ಆಗುವುದಿಲ್ಲ. ಕ್ಯಾಂಟೀನು ನೋಡಲು ಹೋಗಿದ್ದಾಗ ಹಿಂದುಗಡೆ ಇನ್ನೊಂದು ಬಾಗಿಲು ಕಂಡದ್ದು ನೆನಪಾಯಿತು. ಹೊಳೆಯುವ ಕಬ್ಬಿಣದ ಅಡ್ಡಪಟ್ಟಿ, ಮೇಲೆ ಕೆಂಪು ಇಂಗ್ಲಿಷ್ ಅಕ್ಷರ. ಹುಡುಗಿಯ ತಾಯಿಗೆ ನಾನೇ ಮಾತಾಡಿದೆ. ಗೇಟಿಗೆ ಹೊಸಿಲೇ ಇಲ್ಲ, ಕ್ಯಾಂಟೀನಿಗೆ ಎರಡು ಬಾಗಿಲು ಇದೆ, ಅತ್ತೆ ಮುಂದಿನಿಂದ, ಮಗಳು ಹಿಂದಿನಿಂದ, ಏನಂತೀಯೆ? ತಾಯಿ ಒಪ್ಪಿದಳು. ಆ ಕೆಂಪಕ್ಷರ ಏನು ಎಂದು ನಾನು ಯಾರನ್ನೂ ಕೇಳಲಿಲ್ಲ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ನಾವು ಅಲ್ಲಿದ್ದೆವು. ಗೇಟಿನ ಹತ್ತಿರ ಕಂಟ್ರಾಕ್ಟರ್‌ನ ವ್ಯಾನು ನಿಂತಿತ್ತು, ಒಳಗೆ ಅವನ ಜನ. ಅವನು ಬಾಯಲ್ಲೇ ನಮ್ಮನ್ನು ಎಣಿಸುತ್ತಿದ್ದ. ಒಂಬತ್ತು ಜನ ಮುಂದಿನ ಬಾಗಿಲಿಂದ ಒಳಗೆ ಹೋದರು. ದೊಡ್ಡ ಅಡುಗೆಯವಳು ಬಲಗಾಲಿಟ್ಟು ಹೋದಳು. ನಾನು ಸೊಸೆಯನ್ನು ಸುತ್ತು ಹಾಕಿಸಿ ಹಿಂದಕ್ಕೆ ಕರೆದುಕೊಂಡು ಹೋದರೆ, ಆ ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ. ಕಿಟಕಿಯಲ್ಲಿ ಕೂಗಿ ಒಳಗಿನವಳೊಬ್ಬಳಿಗೆ ಅಡ್ಡಪಟ್ಟಿ ಒತ್ತಲು ಹೇಳಿದೆ. ಒತ್ತಿದಳು.

ಸೈರನ್ನು ಹೊಡೆದುಕೊಂಡಿತು. ಅಂಥ ಕೂಗನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಕಾರ್ಖಾನೆಯ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ರಾತ್ರಿ ಪಾಳಿಯ ಗಂಡಸರು ಕಣ್ಣುಜ್ಜುತ್ತಾ ಹೊರಗೆ ಬಂದು, ಕ್ಯಾಂಟೀನಿನ ಮುಂದಿನ ಬಯಲಿನಲ್ಲೇ ಸಾಲುಸಾಲು ನಿಂತರು. ಬೆಂಕಿ ಬಿದ್ದರೆ ಎಲ್ಲರೂ ಅಲ್ಲೇ ಬಂದು ನಿಲ್ಲಬೇಕಂತೆ, ತಲೆ ಎಣಿಸಿ ಮುಗಿಯುವವರೆಗೆ ಅಲುಗುವ ಹಾಗಿಲ್ಲವಂತೆ. ಮೇಡಂ ಮುಖ ಸುಣ್ಣವಾಗಿತ್ತು. ಕಂಟ್ರಾಕ್ಟರ್ ಒಳಗೆ ಬಂದು ನಗುತ್ತಾ, "ಇದಕ್ಕೇ ಹೇಳಿದ್ದು ಮೇಡಂ, ಮನೆಗೆಲಸದವರನ್ನ ಫ್ಯಾಕ್ಟರಿಗೆ ಬಿಟ್ಕೋಬೇಡಿ ಅಂತ" ಎಂದ.

ಸೇಫ್ಟಿ ಆಫೀಸರ್ ಓಡಿ ಬಂದು ಸೈರನ್ ನಿಲ್ಲಿಸಿದ. "ಎಮರ್ಜೆನ್ಸಿ ಬಾಗಿಲು ಯಾರು ತೆಗ್ದಿದ್ದು?"

"ನಾನು ತೆಗೆಸಿದ್ದು" ಎಂದೆ. ಸೊಸೆ ನನ್ನ ಬೆನ್ನ ಹಿಂದೆ ಅವಿತುಕೊಂಡಳು. ಒಳಗಿನಿಂದ ದೊಡ್ಡ ಅಡುಗೆಯವಳು ಕುಂಟುತ್ತಾ ಬಂದು ಹೊಸಿಲು ದಾಟದೆ ಒಳಗೇ ನಿಂತು, "ನನ್ನ ಸೊಸೆ ಸಾ. ಹೊಸಬಳು. ನಾನು ಮುಂದ್ಗಡೆಯಿಂದ ಬಂದ್ಬುಟ್ಟಿದೀನಿ, ಅವಳು ಆ ಕಡೆಯಿಂದ ಬರಂಗಿಲ್ಲ. ಆಷಾಢ" ಎಂದಳು.

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಮದುವೆ ಯಾವಾಗಾಯ್ತು?"

"ವೈಶಾಖದಲ್ಲಿ ಸಾ."

"ನಮ್ಮನೇಲೂ ಇದೇ ಗೋಳು ಕಣಮ್ಮ. ತಮ್ಮನ ಹೆಂಡ್ತಿ ತವರಿಗೆ ಹೋಗವ್ಳೆ. ನಮ್ಮವ್ವ ಬೆಳಗಾದ್ರೆ ನನ್ನ ಕೈಲಿ ಪಾತ್ರೆ ತೊಳೆಸ್ತಾಳೆ."

ಕಂಟ್ರಾಕ್ಟರ್ ನಗು ನಿಲ್ಲಿಸಿದ. ಮೇಡಂ ಮೆಲ್ಲಗೆ, "ಸಾರ್, ರಿಪೋರ್ಟ್ ಏನಂತ ಬರೀತೀರಿ?" ಎಂದರು.

"ಇದ್ದದ್ದೇ ಬರೀತೀನಿ. ಬಾಗಿಲು ತೆಗೆದ್ರೆ ಸೈರನ್ ಕೂಗಬೇಕು, ಕೂಗ್ತು. ಕೂಗಿದ್ರೆ ಜನ ಹೊರಗೆ ಬರಬೇಕು, ಬಂದ್ರು. ಹೊಸಬರಿಗೆ ಆ ಬಾಗಿಲ ವಿಚಾರ ನಾನು ಮೊದಲೇ ಹೇಳ್ಬೇಕಾಗಿತ್ತು, ಹೇಳಿಲ್ಲ, ಅದನ್ನೂ ಬರೀತೀನಿ. ಯಾಕೆ ತೆಗೆದ್ರು ಅನ್ನೋದನ್ನ ಮಾತ್ರ ಮೇಲಿನವರಿಗೆ ನೀವೇ ಬಿಡಿಸಿ ಹೇಳ್ಬೇಕು."

"ಹೇಳ್ತೀನಿ ಸಾರ್. ಈಗ ನನಗೆ ಚೆನ್ನಾಗಿ ಗೊತ್ತು" ಎಂದರು ಮೇಡಂ.

ಸಾಮಾನು ಇಳಿಸುವ ಕಡೆ ಒಂದು ಶಟರ್ ಇತ್ತು. ಟೆಂಪೋ ಬಂದಾಗ ಮಾತ್ರ ತೆಗೆಯುವುದು. ಆಷಾಢ ಮುಗಿಯುವವರೆಗೆ ಬೆಳಿಗ್ಗೆಯೂ ಸಂಜೆಯೂ ಅದನ್ನು ಒಂದು ಗಳಿಗೆ ಎತ್ತಿಸುತ್ತೇನೆ ಎಂದ ಸೇಫ್ಟಿ ಆಫೀಸರ್. ಸೊಸೆ ಅಲ್ಲಿಂದ ಒಳಗೆ ಬಂದಳು. ಹತ್ತು ಜನರಾದರು.

ಅಷ್ಟರಲ್ಲಿ ಬಯಲಿನಲ್ಲಿ ತಲೆ ಎಣಿಕೆ ಇನ್ನೂ ನಡೆಯುತ್ತಿತ್ತು. ದೊಡ್ಡ ಅಡುಗೆಯವಳು ಕಿಟಕಿಯಿಂದ ನೋಡಿ, "ಏನ್ರೇ ನೋಡ್ತಾ ನಿಂತಿರೋದು, ಮನೆ ತುಂಬ ಜನ ಬಂದವ್ರೆ, ಟೀ ಇಡ್ರೇ!" ಎಂದು ಕೂಗಿದಳು. ಹೊಸ ಗ್ಯಾಸಿನ ಮೇಲೆ ಮೊದಲು ಕುದಿದದ್ದು ಆ ಟೀ. ನಿಂತ ಸಾಲಿಗೇ ಹಂಚಿದರು. ಶುಂಠಿ ಜಾಸ್ತಿಯಾಗಿತ್ತು, ಯಾರೂ ಬೇಡ ಎನ್ನಲಿಲ್ಲ. ಕಂಟ್ರಾಕ್ಟರ್‌ನ ವ್ಯಾನಿನಲ್ಲಿದ್ದವರಿಗೂ ಕೊಟ್ಟು ಕಳಿಸಿದರು. ಅವನು ಕುಡಿಯಲಿಲ್ಲ. ಅವನ ಡ್ರೈವರ್ ಎರಡು ಸಲ ಕುಡಿದ.

ತಿಂಡಿಯ ಉಪ್ಪಿಟ್ಟು, ಕೇಸರಿಬಾತ್ ಖಾಲಿಯಾದವು. ಮಧ್ಯಾಹ್ನ ಅನ್ನ ಸ್ವಲ್ಪ ಮುದ್ದೆಯಾಯಿತು, ಮುದ್ದೆ ಸರಿಯಾಗಿತ್ತು. ನಾನು ಮೂಲೆಯಲ್ಲಿ ಕೂತು ಬೈಯುತ್ತಿದ್ದೆ. ಕೆಲಸ ಬಿಡುವ ಹೊತ್ತಿಗೆ ಮೇಡಂ ಎಲ್ಲರನ್ನೂ ಕರೆದು ಇ.ಎಸ್.ಐ. ನಂಬರಿನ ಚೀಟಿ ಕೊಟ್ಟರು. ಸೇರಿದ ದಿನ ಆ ಗುರುವಾರವೇ ಎಂದು ಓದಿ ಹೇಳಿದರು. ದೊಡ್ಡ ಅಡುಗೆಯವಳು ಚೀಟಿಯನ್ನು ಮಡಿಸಿ ಮಡಿಸಿ ಪರ್ಸಿಗೆ ತುರುಕಿ, "ಇದನ್ನ ತೋರಿಸಿದ್ರೆ ಮಂಡಿ ನೋಡ್ತಾರಾ ಮೇಡಮ್ಮ?" ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಮೇಡಂ ನೋಡುತ್ತಾರೆ ಎಂದರು. ನಾನಾಗಿದ್ದರೆ ಒಂದೇ ಸಲ ಹೇಳುತ್ತಿದ್ದೆ.

ಅತ್ತೆ ಮುಂದಿನಿಂದ, ಸೊಸೆ ಶಟರಿನಿಂದ ಹೊರಬಿದ್ದು ಇಬ್ಬರೂ ಕೆ.ಆರ್.ಎಸ್. ರಸ್ತೆಯ ಬಸ್ ಸ್ಟಾಪಿನಲ್ಲಿ ಸೇರಿದರು. ಬಸ್ಸು ಬಂತು. ಹಳೆಯ ಬಸ್ಸು, ಒಂದೇ ಬಾಗಿಲು. ಸೊಸೆ ಅಭ್ಯಾಸಬಲದಿಂದ ಹತ್ತಿಬಿಟ್ಟಳು. ಅತ್ತೆ ಕೆಳಗೇ ನಿಂತಳು.

"ನೀ ಹೋಗವ್ವ. ನಾ ಹಿಂದಿನ ಬಸ್ಸಲ್ಲಿ ಬತ್ತೀನಿ."

ಬೆಳಗಿನಿಂದ ನಿಂತ ಕಾಲು. ಮುಂದಿನ ಬಸ್ಸು ಯಾವಾಗಲೋ. ನನಗೆ ರೇಗಿತು. "ಬಸ್ಸಿಗೆ ಯಾವ ಹೊಸಿಲೇ? ಅರಿಶಿನ ಕುಂಕುಮ ಹಚ್ಚವ್ರಾ ಇದಕ್ಕೆ? ಹತ್ತು!"

"ಹೊಸಿಲು ಬೇಕಾದ್ರೆ ಡಿಪೋಗೆ ಅರ್ಜಿ ಹಾಕ್ಕೊಳ್ಳಿ ಅಜ್ಜಿ, ಬೇಗ ಹತ್ತಿ" ಎಂದ ಕಂಡಕ್ಟರ್.

ಅವಳು ಬಾಗಿಲನ್ನು ನೋಡಿದಳು, ಎತ್ತರದ ಆ ಮೆಟ್ಟಿಲನ್ನು ನೋಡಿದಳು. ಸೊಸೆ ಮೇಲಿನಿಂದ ಬಗ್ಗಿ ಕೈ ನೀಡಿ, "ಬನ್ನಿ ಅತ್ತೆ, ಕೈ ಕೊಡಿ" ಎಂದಳು. ಅವಳು ಕೈ ಕೊಟ್ಟಳು. ಸೊಸೆ ಮೇಲಿಂದ ಎಳೆದಳು, ನಾನು ಕೆಳಗಿಂದ ದೂಡಿದೆ. ಹತ್ತಿದಳು.

ಇಬ್ಬರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ನನಗೆ ಸಿಗಲಿಲ್ಲ.